ಅರ್ಕಾವೊತ್ತಿನ ಯಜಮಾನಿಕೆ

ಎಸ್ಸೆಸ್ಸೆಲ್ಸಿ ಪಾಸಾದ ವರ್ಷವೇ ನಾನು ಬಸವಕಲ್ಯಾಣದ ಒಂದು ಛಾಪಖಾನೆಗೆ ಕೆಲಸಕ್ಕೆ ಸೇರಿದೆ. ಆಗಿನ್ನೂ ತೊಂಬತ್ತರ ದಶಕದ ಆರಂಭ. ಛಾಪಖಾನೆಯ ಮಾಲಕರು ನಮ್ಮ ಅಪ್ಪನ ಗೆಳೆಯರು, ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಮದುವೆ ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ, ಸೊಸೈಟಿಯ ನೋಟೀಸು, ಜಾಹೀರಾತಿನ ಹಾಳೆ, ಹೀಗೆ ಬಂದದ್ದನ್ನೆಲ್ಲ ಛಾಪಿಸುತ್ತಿದ್ದೆವು. ನನ್ನ ಕೆಲಸ ಸೀಸದ ಮೊಳೆ ಜೋಡಿಸುವುದು. ಒಂದೊಂದು ಅಕ್ಷರಕ್ಕೂ ಕಟ್ಟಿಗೆಯ ಕೇಸಿನಲ್ಲಿ ಒಂದು ಮನೆ. ಎರಡು ವರ್ಷ ಕಳೆಯುವಷ್ಟರಲ್ಲಿ ನೋಡದೆಯೇ ಕೈ ಆ ಮನೆಗೆ ಹೋಗುವಷ್ಟು ರೂಢಿಯಾಗಿತ್ತು.

ಆ ಕೆಲಸದಲ್ಲಿ ಕಲಿತ ಒಂದು ಚಿಕ್ಕ ಉಪಾಯವನ್ನು ಇಲ್ಲಿ ಹೇಳಲೇಬೇಕು. ಕನ್ನಡದ ಒಂಬತ್ತರ ಅಂಕಿ ಮತ್ತು ಅರ್ಕಾವೊತ್ತು ನೋಡಲು ಒಂದೇ ಥರ ಇರುತ್ತವೆ. ಕೇಸಿನಲ್ಲಿ ಒಂಬತ್ತರ ಮೊಳೆ ತೀರಿದರೆ ನಾವು ಅರ್ಕಾವೊತ್ತಿನ ಮೊಳೆ ತೆಗೆದು ಹಾಕಿಬಿಡುತ್ತಿದ್ದೆವು. ಓದುವವರಿಗೆ ಫರಕ್ ಗೊತ್ತಾಗುತ್ತಿರಲಿಲ್ಲ. ಮುಂದೆ ಛಾಪಖಾನೆಗೆ ಕಂಪ್ಯೂಟರ್ ಬಂದು, ಕಾಕಾ ನನ್ನನ್ನೇ ಅದರ ಮುಂದೆ ಕೂರಿಸಿದಾಗಲೂ ಈ ಚಟ ಹೋಗಲಿಲ್ಲ. ಆಗ ನಾವು ಬಳಸುತ್ತಿದ್ದ ಕನ್ನಡ ತಂತ್ರಾಂಶದಲ್ಲಿ ಒಂಬತ್ತನ್ನು ಟೈಪ್ ಮಾಡಲು ಎರಡು ಕೀಲಿ ಒತ್ತಬೇಕಿತ್ತು, ಅರ್ಕಾವೊತ್ತಿಗೆ ಒಂದು ಸಾಕು. ನಾನು ಒಂದನ್ನೇ ಒತ್ತುತ್ತಿದ್ದೆ. ನಮ್ಮ ಕಡೆಯ ಡಿಟಿಪಿಯವರು ಬಹಳ ಮಂದಿ ಹಾಗೆಯೇ ಮಾಡುತ್ತಿದ್ದರು.

ಆ ಕಂಪ್ಯೂಟರಿನಲ್ಲಿ ನಾನು ಮಾಡಿದ ಅತಿ ದೊಡ್ಡ ಕೆಲಸ ಒಂದು ನಿಘಂಟು. ರಾಜೇಶ್ವರದಲ್ಲಿ ನಿವೃತ್ತರಾಗಿ ಕುಳಿತಿದ್ದ ಕನ್ನಡ ಮಾಸ್ತರರೊಬ್ಬರು ನಮ್ಮ ತಾಲೂಕಿನ ಒಕ್ಕಲುತನದ ಮಾತುಗಳನ್ನು ಕೂಡಿಸುತ್ತಿದ್ದರು. ಮೋರಖಂಡಿಯಿಂದ ಹಿಡಿದು ಊರೂರು ತಿರುಗಿ, ಹೊಲದ ಬದುವಿನಲ್ಲಿ ಕುಳಿತು, ಬಿತ್ತುವ ಕೂರಿಗಿಯ ಭಾಗ ಒಂದೊಂದಕ್ಕೂ ಏನೆನ್ನುತ್ತಾರೆ, ಮಿಣಿ ಹಗ್ಗದಲ್ಲಿ ಎಷ್ಟು ಬಗೆ, ರಾಶಿ ಮಾಡುವಾಗ ಯಾವ ಮಾತು ಆಡುತ್ತಾರೆ, ಯಾವುದನ್ನು ಆಡಬಾರದು ಎಂದು ನೋಟ್‌ಬುಕ್ಕಿನಲ್ಲಿ ಬರೆದು ತರುತ್ತಿದ್ದರು. ತಿಂಗಳಿಗೊಮ್ಮೆ ಬಂದು ಹತ್ತು ಹದಿನೈದು ಪುಟ ಕೊಟ್ಟು ಹೋಗುವರು, ನಾನು ಟೈಪ್ ಮಾಡಿ ಇಡುವೆ. ಆರೇಳು ವರ್ಷ ಹೀಗೆ ನಡೆಯಿತು.

ಒಂದು ದಿನ ಆ ಕಂಪ್ಯೂಟರ್ ಕೆಟ್ಟಿತು. ಹೊಸದು ತಂದೆವು. ಹಳೆಯ ತಂತ್ರಾಂಶ ನಡೆಯಬೇಕಾದರೆ ಕಂಪ್ಯೂಟರಿನ ಹಿಂದೆ ಬೆರಳಿನಷ್ಟು ದೊಡ್ಡ ಬೀಗದಂಥ ಒಂದು ಸಾಧನ ಸಿಕ್ಕಿಸಬೇಕಿತ್ತು. ಅದು ಹೊಸದಕ್ಕೆ ಹೊಂದಲಿಲ್ಲ. ಮಾರಿದವರ ಫೋನು ಬಂದ್ ಆಗಿತ್ತು. ಫೈಲುಗಳೆಲ್ಲ ಇದ್ದವು, ಆದರೆ ತೆರೆದರೆ ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಗುರುತುಗಳೂ ಕಲಸಿ ಸುರಿದ ಹಾಗೆ ಕಾಣುತ್ತಿದ್ದವು. ಮಾಸ್ತರರಿಗೆ ಹೇಳುವ ಧೈರ್ಯ ನನಗೆ ಎರಡು ತಿಂಗಳು ಬರಲಿಲ್ಲ.

ಆ ಹೊತ್ತಿಗೆ ಹುಮನಾಬಾದಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಲೆಕ್ಚರರ್ ಒಬ್ಬರು ಪ್ರಶ್ನೆಪತ್ರಿಕೆ ಛಾಪಿಸಲು ನಮ್ಮಲ್ಲಿಗೆ ಬಂದರು. ನನಗಿಂತ ನಾಲ್ಕೈದು ವರ್ಷ ಸಣ್ಣವರು, ಮಾತು ಕಡಿಮೆ. ನನ್ನ ಪರದೆಯ ಮೇಲಿನ ಕಸ ನೋಡಿ ಕುರ್ಚಿ ಎಳೆದುಕೊಂಡು ಕುಳಿತರು.

"ಅಕ್ಕಾರ, ಇದು ಕೆಟ್ಟಿಲ್ರಿ," ಎಂದರು. "ಪುರಾ ಬರಾಬರ್ ಅದ. ಬರೀ ಸಂಕೇತ ಬ್ಯಾರೆ ಅದ. ಆ ಫಾಂಟಿನ್ಯಾಗ ಯಾವ ಗುರುತು ಯಾವ ಅಕ್ಷರ ಅಂತ ನಿಮಗ ಗೊತ್ತಿದ್ರ, ಎಲ್ಲಾ ಕಂಪ್ಯೂಟರಿಗೂ ತಿಳಿಯೋ ಯೂನಿಕೋಡಿಗೆ ತಿರುಗಿಸೋ ಪ್ರೋಗ್ರಾಂ ಬರೀಬಹುದು."

"ಯಾರು ಬರೀತಾರ್ರಿ?"

"ನೀವೇ ಬರೀರಿ. ನಾ ಹೇಳಿಕೊಡ್ತೇನಿ."

ಹಾಗೆ ಪ್ರತಿ ಭಾನುವಾರ ಬೆಳಿಗ್ಗೆ ನಾನು ಹುಮನಾಬಾದಿನ ಬಸ್ಸು ಹತ್ತತೊಡಗಿದೆ. ಮೂವತ್ತು ದಾಟಿದ, ಪದವಿ ಇಲ್ಲದ ಹೆಂಗಸು ಕಾಲೇಜಿನ ಲ್ಯಾಬಿನಲ್ಲಿ ಕುಳಿತು ಪ್ರೋಗ್ರಾಂ ಕಲಿಯುವುದನ್ನು ಅಲ್ಲಿನ ಜವಾನ ಮೊದಲ ವಾರ ಬಾಗಿಲಲ್ಲಿ ನಿಂತು ನೋಡಿದ. ಎರಡನೇ ವಾರದಿಂದ ತಾನೇ ಚಹಾ ತಂದಿಡತೊಡಗಿದ. ಎಂಟು ತಿಂಗಳು ಹಿಡಿಯಿತು. ಮೊದಲ ಸಲ ಆ ಕಸದ ಸಾಲೊಂದು 'ಶ್ರೀ' ಎಂದು ಶುರುವಾಗಿ ಪೂರ್ತಿ ಕನ್ನಡವಾಗಿ ಪರದೆಯ ಮೇಲೆ ಬಂದಾಗ ನಾನು ಆ ಸಾಲನ್ನು ಲೆಕ್ಚರರಿಗೆ ಎರಡು ಸಲ ಗಟ್ಟಿಯಾಗಿ ಓದಿ ತೋರಿಸಿದೆ. ಅವರು ಮುಂದಿನ ಸಾಲು ಹಾಕಿ ನೋಡಲು ಹೇಳಿದರು.

ಎಲ್ಲ ಸರಿ ಬಂದಿರಲಿಲ್ಲ. ಅರ್ಕಾವೊತ್ತು ಕಾಡುತ್ತಿತ್ತು. 'ವರ್ಷ' ಎನ್ನುವಾಗ ಬಾಯಲ್ಲಿ ಮೊದಲು ಬರುವುದು ರಕಾರ, ಆಮೇಲೆ ಷಕಾರ. ಬರೆಯುವಾಗ ಷ ಮೊದಲು, ಅದರ ಪಕ್ಕಕ್ಕೆ ಅರ್ಕಾವೊತ್ತು. ಹಳೆಯ ಫಾಂಟು ಬರೆಯುವ ಕ್ರಮದಲ್ಲಿ ಇಡುತ್ತಿತ್ತು, ಯೂನಿಕೋಡ್ ನುಡಿಯುವ ಕ್ರಮದಲ್ಲಿ ಕೇಳುತ್ತದೆ. ಹೀಗಾಗಿ ಪ್ರೋಗ್ರಾಂ ಪ್ರತಿ ಅರ್ಕಾವೊತ್ತನ್ನೂ ಎತ್ತಿ ಹಿಂದಿನ ಅಕ್ಷರವನ್ನು ದಾಟಿಸಿ ಇಡಬೇಕು. 'ವರ್ಷ'ದಂಥ ಸರಳ ಪದಗಳನ್ನು ನನ್ನ ಪ್ರೋಗ್ರಾಂ ಚೆನ್ನಾಗಿ ದಾಟಿಸುತ್ತಿತ್ತು. 'ಸಾಮರ್ಥ್ಯ' ಬಂದರೆ ಅರ್ಧಕ್ಕೇ ನಿಂತು 'ಸಾಮಥ್ರ್ಯ' ಎಂದು ಉಗುಳುತ್ತಿತ್ತು. ಇರಲಿ, ಮುಂದೆ ನೋಡೋಣ ಎಂದುಕೊಂಡೆ.

ಅದನ್ನು ಲೋಕಕ್ಕೆ ಬಿಡೋಣ ಎಂದವರು ಲೆಕ್ಚರರು. ಮುಕ್ತ ತಂತ್ರಾಂಶ ಎಂದರೇನು ಎಂದು ಒಂದು ಭಾನುವಾರ ಪೂರ್ತಿ ವಿವರಿಸಿದರು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಒಳಗಿನದನ್ನು ಓದಬಹುದು, ತಿದ್ದಬಹುದು, ಹಂಚಬಹುದು. ಹಂಚುವಾಗ ಮುಂದಿನವರಿಗೂ ಅದೇ ಹಕ್ಕು ಕೊಡಬೇಕು, ಅದೊಂದೇ ಷರತ್ತು. ನಾನು ತಲೆ ಆಡಿಸಿದೆ. ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಯಲ್ಲಿ ಕುಳಿತು, ಇಂಥ ತಂತ್ರಾಂಶಗಳನ್ನು ಇಡುವ ಜಾಲತಾಣಕ್ಕೆ ನನ್ನ ಪ್ರೋಗ್ರಾಮನ್ನು ಏರಿಸಿದೆ. ಜೊತೆಗೆ ಬಳಸುವವರೆಲ್ಲ ಬರೆದುಕೊಳ್ಳಲು ಒಂದು ಮೇಲ್ ಗುಂಪು ಮಾಡಿದೆವು.

ಎರಡು ವಾರ ಯಾರೂ ಬರಲಿಲ್ಲ. ಆಮೇಲೆ ಹುಬ್ಬಳ್ಳಿಯಿಂದ ಒಂದು ಮೇಲ್ ಬಂತು. ಬರೆದಾಕೆ ಬ್ಯಾಂಕಿನಲ್ಲಿ ಗುಮಾಸ್ತೆ, ಸತ್ತ ತಂದೆಯ ಲೇಖನಗಳನ್ನು ಹಳೆಯ ಫಾಂಟಿನಿಂದ ಬಿಡಿಸುತ್ತಿದ್ದಳು. ನನ್ನ ಪ್ರೋಗ್ರಾಮಿನಲ್ಲಿ ಒಂದು ತಪ್ಪು ಕಂಡುಹಿಡಿದು, ತಾನೇ ತಿದ್ದಿ ಕಳಿಸಿದ್ದಳು. ಇದಕ್ಕೆ ಪ್ಯಾಚ್ ಅನ್ನುತ್ತಾರೆ, ತೇಪೆ. ನೋಡಿದೆ, ಸರಿ ಇತ್ತು, ಸೇರಿಸಿದೆ. ಮುಂದಿನ ತಿಂಗಳು ಮೂರು ತೇಪೆ ಬಂದವು. ಆರು ತಿಂಗಳಲ್ಲಿ ವಾರಕ್ಕೊಂದು ಬರತೊಡಗಿತು. ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬ ಅಧಿಕಾರ ನನ್ನೊಬ್ಬಳ ಕೈಯಲ್ಲಿತ್ತು. ಜಾಲತಾಣದ ಖಾತೆಯ ಕೀಲಿಪದ, ಅಂದರೆ ಪಾಸ್‌ವರ್ಡ್, ಬೇರೆ ಯಾರಿಗೂ ಗೊತ್ತಿರಲಿಲ್ಲ.

ಆಗ ನನಗೆ ಏನಾಯಿತೆಂದು ಇವತ್ತು ಮುಚ್ಚುಮರೆಯಿಲ್ಲದೆ ಹೇಳಬಲ್ಲೆ. ಇಷ್ಟು ವರ್ಷ ಬೇರೆಯವರು ಬರೆದದ್ದನ್ನು ಜೋಡಿಸಿದವಳು ನಾನು. ಕರಡು ತಿದ್ದುವವರು ಗೆರೆ ಎಳೆದರೆ ಮೊಳೆ ಕಿತ್ತು ಮತ್ತೆ ಇಡುವವಳು. ಈಗ ಇಂಜಿನಿಯರುಗಳು, ಪ್ರೊಫೆಸರುಗಳು ನನಗೆ ಬರೆಯುತ್ತಿದ್ದರು, "ದಯವಿಟ್ಟು ಪರಿಶೀಲಿಸಿ" ಎನ್ನುತ್ತಿದ್ದರು. ಆ ಮಾತಿನ ರುಚಿ ಹತ್ತಿತು. ಮೇಲುಗಳನ್ನು ಎರಡೆರಡು ಸಲ ಓದುತ್ತಿದ್ದೆ, ಉತ್ತರ ಬರೆಯುತ್ತಿರಲಿಲ್ಲ. ನೋಡೋಣ ಎಂದು ತಿಂಗಳುಗಟ್ಟಲೆ ಇಡುತ್ತಿದ್ದೆ. ಬೇಡ ಎನಿಸಿದರೆ 'ಬೇಡ' ಎಂದಷ್ಟೇ ಬರೆಯುತ್ತಿದ್ದೆ, ಯಾಕೆ ಎಂದು ಹೇಳುತ್ತಿರಲಿಲ್ಲ. ಗಡಿಯಾಚೆಯ ಉಮರ್ಗಾದಿಂದ ಒಬ್ಬರು ಮರಾಠಿ ಹೆಸರುಗಳ ಬಗ್ಗೆ ಒಳ್ಳೆಯ ಸಲಹೆ ಬರೆದಿದ್ದರು. ಅವರಿಗೆ ನಾನು ಉತ್ತರಿಸಲೇ ಇಲ್ಲ. ಅವರು ಮತ್ತೆ ಬರೆಯಲೂ ಇಲ್ಲ.

ಲೆಕ್ಚರರೂ ಒಂದು ತೇಪೆ ಕಳಿಸಿದರು. ಅರ್ಕಾವೊತ್ತನ್ನು ಎಷ್ಟು ಒತ್ತಕ್ಷರ ಇದ್ದರೂ ದಾಟಿಸಿ ಸರಿಯಾದ ಜಾಗಕ್ಕೆ ಕಳಿಸುವ ತೇಪೆ. 'ಸಾಮರ್ಥ್ಯ' ಸರಿಯಾಗುತ್ತಿತ್ತು. ಆದರೆ ನಾನು ನಡೆಸಿ ನೋಡಿದಾಗ '೧೯' ಇದ್ದಲ್ಲೆಲ್ಲ ಒಂಬತ್ತು ಮಾಯವಾಗಿ, ಒಂದಕ್ಕಿಂತ ಮೊದಲು 'ರ್' ಬಂದು ಕುಳಿತಿತ್ತು. ನನಗೆ ಕಾರಣ ಕೂಡಲೇ ಹೊಳೆಯಿತು. ನಾವು ಡಿಟಿಪಿಯವರು ಒಂಬತ್ತಕ್ಕೆ ಅರ್ಕಾವೊತ್ತು ಒತ್ತುತ್ತಿದ್ದೆವಲ್ಲ, ಅದು ಅವರಿಗೆ ಗೊತ್ತಿರಲಿಲ್ಲ. ನನ್ನ ಪ್ರೋಗ್ರಾಮಿನಲ್ಲಿ ಅಂಕಿಯ ಪಕ್ಕದಲ್ಲಿ ಬಂದ ಅರ್ಕಾವೊತ್ತನ್ನು ಒಂಬತ್ತು ಎಂದೇ ತಿಳಿಯುವ ಸಾಲೊಂದಿತ್ತು, ಅವರು ಅದನ್ನು ಅನವಶ್ಯಕ ಎಂದು ತೆಗೆದಿದ್ದರು. ಒಂದು ವಾಕ್ಯ ಬರೆದಿದ್ದರೆ ಮುಗಿಯುತ್ತಿತ್ತು. ನಾನು 'ಬೇಡ' ಎಂದು ಬರೆದೆ. ಅವರು ಯಾಕೆಂದು ಮತ್ತೆ ಮತ್ತೆ ಬರೆದು ಕೇಳಿದರು. ನಾನು ಉತ್ತರ ಬರೆಯಲಿಲ್ಲ. ಭಾನುವಾರದ ತರಗತಿ ಅಷ್ಟರಲ್ಲಿ ನಿಂತಿತ್ತು.

ನಾಲ್ಕು ತಿಂಗಳ ನಂತರ ಗುಂಪಿನಲ್ಲಿ ಅವರ ಮೇಲ್ ಬಂತು. ನನ್ನ ಪ್ರೋಗ್ರಾಮಿನ ಪ್ರತಿ ತೆಗೆದು, ತಮ್ಮ ತಿದ್ದುಪಡಿ ಸೇರಿಸಿ, ಬೇರೆ ಹೆಸರಿನಲ್ಲಿ ಏರಿಸಿದ್ದೇನೆ, ಬೇಕಾದವರು ಬಳಸಿ ಎಂದು ಬರೆದಿದ್ದರು. ಮೂಲ ಬರೆದವಳು ನಾನು ಎಂದು ಮೊದಲ ಸಾಲಿನಲ್ಲೇ ಹೇಳಿದ್ದರು. ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಮರುದಿನವೇ ಕಾಕಾನಿಗೆ ಹೇಳಿ ರಜೆ ಹಾಕಿ ಹುಮನಾಬಾದಿಗೆ ಹೋದೆ.

ಅವರು ಲ್ಯಾಬಿನಲ್ಲಿ ಒಬ್ಬರೇ ಇದ್ದರು. ನಾನು ಕುಳಿತುಕೊಳ್ಳಲಿಲ್ಲ.

"ಕಲಿಸಿದವರು ನೀವು ಖರೇ," ಎಂದೆ. "ಆದ್ರ ಬರೆದಾಕಿ ನಾನು. ನನ್ನ ಕೇಳಲಾರದ ಹ್ಯಾಂಗ ತಗೊಂಡ್ರಿ?"

"ಕೇಳೇನಿ ಅಕ್ಕಾರ. ಮೂರು ಸಲ ಬರದೇನಿ. ನೀವು ಜವಾಬು ಕೊಡಲಿಲ್ಲ."

"ಬೇಡ ಅಂತ ಕೊಟ್ಟೇನಲ್ರಿ."

"ಯಾಕ ಬೇಡ ಅಂತ ಕೊಟ್ಟಿಲ್ಲ."

ಅವರು ದನಿ ಏರಿಸದೆ ಮುಂದುವರಿಸಿದರು: "ಬಾಗಿಲಾ ತೆಗೆದವರು ನೀವೇ ಅಕ್ಕಾರ. ಎಲ್ಲಾರೂ ಬರ್ರಿ ಅಂದ್ರಿ. ಬಂದವರು ಒಳಗ ಬರಬೇಕಂದ್ರ ಹೊಸ್ತಿಲ ಮ್ಯಾಲೆ ನೀವೇ ಕುಂತೀರಿ. ಮಂದಿ ಎಷ್ಟು ದಿನ ಹೊರಗ ನಿಂದರಬೇಕು? ನಾ ಕದ್ದಿಲ್ಲ. ಪ್ರೋಗ್ರಾಂ ಏರಿಸುವಾಗ ಆ ಷರತ್ತಿಗೆ ಒಪ್ಪಿದವರು ನೀವು, ಅದರಾಗ ಬರದಿದ್ದೇ ನಾ ಮಾಡೇನಿ."

ಅದು ನಿಜವಾಗಿತ್ತು. ನಿಜ ಎಂದು ಗೊತ್ತಿದ್ದದ್ದರಿಂದಲೇ ನನಗೆ ಇನ್ನೂ ಸಿಟ್ಟು ಬಂತು. ಚಹಾ ತಂದ ಜವಾನನಿಗೆ ಬೇಡ ಎಂದು ಹೇಳಿ ಬಂದುಬಿಟ್ಟೆ.

ಮುಂದಿನ ಅರ್ಧ ವರ್ಷ ಎರಡು ಪ್ರೋಗ್ರಾಮುಗಳಿದ್ದವು. ಗುಂಪಿನಲ್ಲಿ ಮಂದಿ ಯಾವುದನ್ನು ಬಳಸಬೇಕೆಂದು ಕೇಳುತ್ತಿದ್ದರು. ಒಬ್ಬರು ಅವರದು ಎನ್ನುವರು, ಇನ್ನೊಬ್ಬರು ನನ್ನದು ಎನ್ನುವರು. ಹುಬ್ಬಳ್ಳಿಯ ಬ್ಯಾಂಕಿನಾಕೆ ಇಬ್ಬರಿಗೂ ಒಂದೇ ತೇಪೆಯನ್ನು ಎರಡು ಸಲ ಕಳಿಸಿ ಸಾಕಾಗಿದೆ ಎಂದು ಬರೆದಳು. ತೇಪೆಗಳು ಬರುವುದು ಕಡಿಮೆಯಾಯಿತು. ಒಂದು ತಿಂಗಳು ಒಂದೂ ಬರಲಿಲ್ಲ. ನನ್ನ ಹೊಸ್ತಿಲು ಖಾಲಿಯಾಗಿತ್ತು, ನಾನು ಮಾತ್ರ ಅಲ್ಲೇ ಇದ್ದೆ.

ನನ್ನ ಪ್ರೋಗ್ರಾಮೇ ಉತ್ತಮ ಎಂದು ತೋರಿಸಬೇಕೆಂಬ ಹಟ ಹುಟ್ಟಿತು. ಮಾಸ್ತರರ ನಿಘಂಟಿನ ಮೊದಲ ನಲವತ್ತು ಪುಟವನ್ನು ಎರಡೂ ಪ್ರೋಗ್ರಾಮುಗಳಲ್ಲಿ ತಿರುಗಿಸಿ, ಎರಡನ್ನೂ ಕಾಗದದ ಮೇಲೆ ತೆಗೆದು, ರಾಜೇಶ್ವರಕ್ಕೆ ಹೋದೆ. ಯಾವುದು ಯಾರದೆಂದು ಹೇಳಲಿಲ್ಲ. ಮಾಸ್ತರರಿಗೆ ಎಪ್ಪತ್ತೈದು ದಾಟಿತ್ತು. ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು, ಕೆಂಪು ಪೆನ್ನು ಹಿಡಿದು, ಒಂದು ಕಟ್ಟಿನ ಪುಟ, ಇನ್ನೊಂದು ಕಟ್ಟಿನ ಪುಟ ಎಂದು ಪಕ್ಕಪಕ್ಕಕ್ಕೆ ಇಟ್ಟು ಓದತೊಡಗಿದರು. ನಾನು ಊಟ ಮಾಡಿದೆ, ಅವರ ಸೊಸೆಯ ಜೊತೆ ಜೋಳ ಹಸನು ಮಾಡಿದೆ, ಅವರು ಓದುತ್ತಲೇ ಇದ್ದರು. ಮೂರು ಗಂಟೆಯ ಹೊತ್ತಿಗೆ ಕರೆದರು.

"ಬಾ ತಾಯಿ. ಎರಡೂ ಗಲತ್ ಅದಾವ."

ನಾನು ನೋಡಿದೆ. ಒಂದು ಕಟ್ಟಿನಲ್ಲಿ 'ಸಾಮಥ್ರ್ಯ'ದಂಥವುಗಳಿಗೆಲ್ಲ ಕೆಂಪು ಸುತ್ತು. ಇನ್ನೊಂದರಲ್ಲಿ ಒಂಬತ್ತು ಇರಬೇಕಾದಲ್ಲೆಲ್ಲ ಸುತ್ತು. ನನ್ನ ಕಟ್ಟಿನಲ್ಲಿ ಸುತ್ತು ಹೆಚ್ಚೇ ಇದ್ದವು.

"ಇದು ಯಾರ್ದು?"

"ನಂದ್ರಿ."

"ಮತ್ತ ಇದು?"

ಹೇಳಿದೆ. ಜಗಳವನ್ನೂ ಹೇಳಿದೆ. ಕೇಳುತ್ತ ಅವರು ಕನ್ನಡಕ ಒರೆಸಿಕೊಂಡರು.

"ಇದರಾಗ ಯಾರು ಹೇಳಿದ್ದು ನಡೀಬೇಕಂತ ನಿಮ್ಮ ತಂಟೆ?"

"ಹೌದ್ರಿ."

"ನಾ ಮೂವತ್ತು ವರ್ಷ ಪೇಪರ್ ತಿದ್ದೇನಿ. ಹುಡುಗ ಬರದಿದ್ದು ಸರಿನೋ ತಪ್ಪೋ ಅಂತ ನಾ ಹೇಳ್ತಿದ್ದಿಲ್ಲ ತಾಯಿ. ಸರಿ ಉತ್ತರದ ಹಾಳೆ ಮೊದಲೇ ಮಾಡಿ ಇಟ್ಟಿರ್ತಿದ್ವಿ. ಹುಡುಗರು ಬಂದು ಸರ, ನಂದು ಯಾಕ ತಪ್ಪು ಅಂದ್ರ ಹಾಳಿ ತೋರಸ್ತಿದ್ದೆ. ನನ್ನ ಹಾಳಿನೇ ತಪ್ಪಿದ್ರ ಹಾಳಿ ತಿದ್ದತಿದ್ದೆ, ಎಲ್ಲಾ ಹುಡುಗರ ಎದುರಿಗೇ. ನಿಮ್ಮ ಹತ್ರ ಅಂಥ ಹಾಳಿ ಅದ ಏನು?"

ಇರಲಿಲ್ಲ. ಮೂರು ವರ್ಷ ನಾನು ಎಲ್ಲ ತೇಪೆಗಳನ್ನೂ ಕಣ್ಣಂದಾಜಿನಲ್ಲಿ, ನನಗೆ ನೆನಪಾದ ಪದಗಳನ್ನು ಹಾಕಿ ನೋಡಿ, ಹೂಂ ಅಥವಾ ಊಹೂಂ ಎಂದಿದ್ದೆ. ಹುಮನಾಬಾದಿಗೆ ಫೋನು ಮಾಡಲು ಮಾಸ್ತರರ ಮನೆಯಿಂದ ಹೊರಟು ಬಸ್ ಸ್ಟಾಪಿನ ಎಸ್ಟಿಡಿ ಬೂತಿನವರೆಗೆ ನಡೆದೆ. ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅವರು ಹಲೋ ಎಂದ ಕೂಡಲೇ ಎಲ್ಲ ಮರೆತು, "ಸರ, ಒಂಬತ್ತಕ್ಕ ನಾವು ಅರ್ಕಾವೊತ್ತು ಒತ್ತತಿದ್ವಿ. ಅದಕ್ಕ ನಿಮ್ಮದು ಬೇಡ ಅಂದಿದ್ದೆ. ಹೇಳಬೇಕಿತ್ತು. ಹೇಳಲಿಲ್ಲ," ಎಂದೆ.

ಅವರು ನಕ್ಕರು. "ಒಂಬತ್ತು ಎಲ್ಲಿ ಹೋಗಾಕತ್ತದ ಅಂತ ನಾ ಆರು ತಿಂಗಳಿಂದ ಹುಡುಕಾಕತ್ತೇನ್ರಿ ಅಕ್ಕಾರ."

ರಾಜೇಶ್ವರ ನಮ್ಮಿಬ್ಬರ ಊರುಗಳ ನಡುವೆ ಇರುವುದು ಅನುಕೂಲವಾಯಿತು. ಮುಂದಿನ ಭಾನುವಾರ ಇಬ್ಬರೂ ಅಲ್ಲಿಗೇ ಹೋದೆವು. ಮಾಸ್ತರರು ಕಠಿಣ ಪದಗಳನ್ನು ಹೇಳುತ್ತ ಹೋದರು, ನಾನು ಹಳೆಯ ಫಾಂಟಿನಲ್ಲಿ ಅದು ಹೇಗೆ ಕಾಣುತ್ತದೆಂದು ಬರೆದೆ, ಲೆಕ್ಚರರು ಯೂನಿಕೋಡಿನಲ್ಲಿ ಹೇಗಿರಬೇಕೆಂದು ಬರೆದರು. ನಾಲ್ಕು ಭಾನುವಾರ ಹಿಡಿಯಿತು. ಕೊನೆಗೆ ಮುನ್ನೂರು ಚಿಲ್ಲರೆ ಪದಗಳ ಒಂದು ಪಟ್ಟಿ ಆಯಿತು. ಪ್ರೋಗ್ರಾಂ ತಿದ್ದಿದ ಪ್ರತಿಸಲವೂ ಆ ಪಟ್ಟಿಯ ಮೇಲೆ ತಾನಾಗಿ ನಡೆದು, ಎಲ್ಲಿ ತಪ್ಪಿತೆಂದು ಹೇಳುವ ಹಾಗೆ ಮಾಡಿದೆವು. ಗುಂಪಿನಲ್ಲಿ ಅದಕ್ಕೆ ಎಲ್ಲರೂ 'ಮಾಸ್ತರ ಹಾಳಿ' ಎನ್ನತೊಡಗಿದರು.

ಪಟ್ಟಿಗಿಂತ ಕಷ್ಟವಾದದ್ದು ಯಾರು ಏನು ಮಾಡಬೇಕೆಂಬುದು. ಲೆಕ್ಚರರಿಗೆ ಪ್ರತಿಯೊಂದಕ್ಕೂ ಗುಂಪಿನವರ ಮತ ಕೇಳಬೇಕು ಎಂದಿತ್ತು. ಕೊನೆಯ ಮಾತು ಒಬ್ಬರದೇ ಇರಬೇಕು, ಇಲ್ಲದಿದ್ದರೆ ಕೆಲಸ ನಡೆಯುವುದಿಲ್ಲ ಎಂದು ನಾನು ವಾದಿಸಿದೆ. ಒಂದು ಮಧ್ಯಾಹ್ನ ಪೂರ್ತಿ ಅದೇ ಆಯಿತು. ಕೊನೆಗೆ ಹಾಳೆ ಇರುವಲ್ಲಿ ಹಾಳೆಯದೇ ಮಾತು ಎಂದು ಒಪ್ಪಿಕೊಂಡೆವು. ಹಾಳೆ ಏನೂ ಹೇಳದ ಕಡೆ ನಾವಿಬ್ಬರು ಮತ್ತು ಗುಂಪಿನವರು ಆರಿಸಿದ ಇನ್ನೊಬ್ಬರು, ಹೀಗೆ ಮೂವರು ಕೂಡಿ ತೀರ್ಮಾನಿಸಬೇಕು, ಹೂಂ ಆಗಲಿ ಊಹೂಂ ಆಗಲಿ ಕಾರಣ ಬರೆಯಬೇಕು. ಹಾಳೆಗೆ ಯಾರು ಬೇಕಾದರೂ ಪದ ಸೇರಿಸಬಹುದು. ತಮ್ಮ ತೇಪೆಯನ್ನು ತಾವೇ ಒಪ್ಪಿಕೊಳ್ಳುವ ಹಾಗಿಲ್ಲ, ಬರೆದಾಕೆ ನಾನಾದರೂ ಸರಿ. ಇಷ್ಟಾದ ಮೇಲೆ ನಾನೇ ಇನ್ನೊಂದು ಸಾಲು ಸೇರಿಸಿದೆ: ಬಂದ ತೇಪೆಗೆ ಹದಿನೈದು ದಿನದೊಳಗೆ ಒಬ್ಬರು ಉತ್ತರಿಸದಿದ್ದರೆ, ಉಳಿದವರು ಅವರನ್ನು ಕೇಳದೆ ಮುಂದುವರಿಯಬಹುದು. ಲೆಕ್ಚರರು ಅದನ್ನು ಓದಿ ನನ್ನ ಮುಖ ನೋಡಿದರು. ಅದು ಯಾರಿಗಾಗಿ ಬರೆದದ್ದೆಂದು ಇಬ್ಬರಿಗೂ ಗೊತ್ತಿತ್ತು.

ಮೂರನೆಯವರಾಗಿ ಹುಬ್ಬಳ್ಳಿಯ ಬ್ಯಾಂಕಿನಾಕೆಯನ್ನು ಗುಂಪಿನವರು ಆರಿಸಿದರು. ಕೀಲಿಪದವನ್ನು ಉಳಿದಿಬ್ಬರಿಗೂ ಕೊಟ್ಟೆ. ಎರಡು ಪ್ರೋಗ್ರಾಮುಗಳು ಒಂದಾದವು, ಹೆಸರು ನನ್ನದರದೇ ಉಳಿಯಿತು. ಅದನ್ನು ಸೂಚಿಸಿದವರು ಲೆಕ್ಚರರು.

ಮೊದಲ ಪರೀಕ್ಷೆ ನನಗೇ ಬಂತು. ಪ್ರೋಗ್ರಾಂ ಬೇಗ ಓಡುವ ಹಾಗೆ ನಾನೊಂದು ತೇಪೆ ಬರೆದೆ. ಬಹಳ ಜಂಬದಿಂದ ಕಳಿಸಿದೆ. ಎರಡೇ ದಿನಕ್ಕೆ ಹುಬ್ಬಳ್ಳಿಯಿಂದ ಉತ್ತರ: "ಅಕ್ಕಾ, ಹಾಳಿಯ ಹನ್ನೊಂದು ಪದ ತಪ್ಪಿದವು. ಪಟ್ಟಿ ಕೆಳಗದ. ಹಿಂಗಿದ್ರ ಸೇರ್ಸಾಕ ಬರಂಗಿಲ್ಲ." ಗುಂಪಿನಲ್ಲಿ ಎಲ್ಲರೂ ಓದುವ ಹಾಗೆ ಬರೆದಿದ್ದಳು. ಅವಳ ಮೊದಲ ತೇಪೆಯನ್ನು ಒಪ್ಪಿದವಳು ನಾನು ಎಂದು ನೆನಪಿಸಿ ಒಂದು ಮೇಲ್ ಬರೆದೆ, ಅಳಿಸಿದೆ. ಹನ್ನೊಂದು ಪದಗಳನ್ನು ಒಂದೊಂದಾಗಿ ನೋಡಿದೆ. ಹನ್ನೊಂದೂ ತಪ್ಪಿದ್ದವು. "ನೀವು ಹೇಳಿದ್ದು ಬರಾಬರ್ ಅದ. ಹಿಂದಕ್ಕ ತಗೊಂಡೇನಿ, ತಿದ್ದಿ ಕಳಸ್ತೇನಿ," ಎಂದು ಬರೆದೆ. ಕಳಿಸಿದ ಮೇಲೆ ಆಶ್ಚರ್ಯವೆಂದರೆ ಹಗುರ ಎನಿಸಿತು. ನಾನು ತಪ್ಪಿದರೆ ಹಿಡಿಯುವವರಿದ್ದಾರೆ ಎಂಬುದು ಮೂರು ವರ್ಷದಲ್ಲಿ ನನಗಿರದ ನೆಮ್ಮದಿ.

ಅದಾಗಿ ಎರಡು ವಾರಕ್ಕೆ ತೇಪೆಗಳು ಮತ್ತೆ ಬರತೊಡಗಿದವು. ಈ ಸಲ ಹೊಳೆಯ ಹಾಗೆ. ಉಮರ್ಗಾದವರಿಗೆ ನಾನೇ ಕ್ಷಮೆ ಕೇಳಿ ಬರೆದೆ. ಅವರು ಮರಾಠಿ ಹೆಸರುಗಳ ನಲವತ್ತು ಪದವನ್ನು ಹಾಳೆಗೆ ಸೇರಿಸಿದರು. ಹಾಳೆ ಉತ್ತರಿಸದ ಒಂದು ಪ್ರಶ್ನೆಯೂ ಬಂತು. ನಮ್ಮ ಕಡೆಯ ಉರ್ದು ಮೂಲದ ಮಾತುಗಳಿಗೆ ಮಾಸ್ತರರು ಜ ಅಕ್ಷರದ ಕೆಳಗೆ ಚುಕ್ಕಿ ಇಟ್ಟಿದ್ದರು, ಜಮೀನು ಎನ್ನುವಾಗಿನ ಆ ನುಡಿ ಬೇರೆ ಎಂದು ತೋರಿಸಲು. ಹುಬ್ಬಳ್ಳಿಯಾಕೆ ಕನ್ನಡಕ್ಕೆ ಚುಕ್ಕಿ ಬೇಡ ಎಂದಳು, ಕಾರಣ ಬರೆದಳು. ನಾನು ಮೋರಖಂಡಿಗೆ ಹೋಗಿ ಐದಾರು ರೈತರಿಂದ ಆ ಪದಗಳನ್ನು ಆಡಿಸಿ, ಯಾರು ಯಾವುದನ್ನು ಹೇಗೆ ನುಡಿದರೆಂದು ಎರಡು ಪುಟ ಬರೆದು ಕಳಿಸಿದೆ. ಒಂದು ವಾರ ಬಿಟ್ಟು ಅವಳೇ ಬರೆದಳು: "ನಿಮ್ಮ ಊರಾಗ ಆ ನುಡಿ ಅದ ಅಂದ ಮ್ಯಾಲೆ ಅಳಿಸೋ ಹಕ್ಕು ನನಗಿಲ್ಲ. ಒಪ್ಪಿದೆ." ಅಧಿಕಾರದಿಂದ ಗೆದ್ದದ್ದಕ್ಕೂ ಒಪ್ಪಿಸಿ ಗೆದ್ದದ್ದಕ್ಕೂ ಎಷ್ಟು ಅಂತರವೆಂದು ಆವತ್ತು ತಿಳಿಯಿತು.

ನಿಘಂಟನ್ನು ತಿರುಗಿಸಿದ ದಿನ ಮಾಸ್ತರರನ್ನು ಛಾಪಖಾನೆಗೆ ಕರೆಸಿದ್ದೆವು. ಕಾಕಾ ಅವರಿಗೆ ತಮ್ಮ ಕುರ್ಚಿ ಕೊಟ್ಟು ತಾವು ಕಾಗದದ ಕಟ್ಟಿನ ಮೇಲೆ ಕುಳಿತರು. ಆರೇಳು ವರ್ಷ ಟೈಪ್ ಮಾಡಿದ್ದು ಕನ್ನಡವಾಗಿ ತಿರುಗಲು ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಮಾಸ್ತರರು ಪರದೆಯ ಹತ್ತಿರ ಮುಖ ಒಯ್ದು ಓದಿದರು. ಕೂರಿಗಿ ಬಂತು, ಕುಂಟಿ ಬಂತು, ಬಾರಕೋಲು ಬಂತು. ಕೆಂಪು ಪೆನ್ನನ್ನು ಅಂಗಿಯ ಕಿಸೆಯಿಂದ ತೆಗೆದವರು ಅದರ ಟೊಪ್ಪಿಗೆ ತೆಗೆಯದೆ ಹಾಗೇ ಕೈಯಲ್ಲಿ ಹಿಡಿದಿದ್ದರು.

"ಹುಡುಕಿದ್ರ ಸಿಗ್ತದ ಏನು ತಾಯಿ? ಮಿಣಿ ಅಂತ ಹಾಕು ನೋಡೋಣ."

ಹಾಕಿದೆ. ಮಿಣಿ ಇದ್ದ ಜಾಗವೆಲ್ಲ ಒಂದಾದ ಮೇಲೊಂದು ಬಂದವು.

"ಇಷ್ಟು ಬರದೇನಿ ನಾನು?" ಎಂದರು. ಆಮೇಲೆ ಬೇರೆ ಬೇರೆ ಪದ ಹೇಳಿ ಸಂಜೆಯವರೆಗೂ ಹುಡುಕಿಸಿದರು. ಆ ನಿಘಂಟನ್ನು ನಾವೇ ಛಾಪಿಸಿದೆವು. ಮೊದಲ ಪ್ರತಿಯನ್ನು ಮಾಸ್ತರರು ಮೋರಖಂಡಿಗೆ ಒಯ್ದು, ಹೆಚ್ಚು ಪದ ಕೊಟ್ಟ ಮುದುಕಿಯೊಬ್ಬಳ ಕೈಗೆ ಇಟ್ಟು ಬಂದರು. ಆಕೆಗೆ ಓದಲು ಬರುತ್ತಿರಲಿಲ್ಲ. ಮೊಮ್ಮಗಳು ಓದುತ್ತಿದ್ದರೆ ಅವಳು ತಪ್ಪು ಹಿಡಿಯುತ್ತಿದ್ದಳಂತೆ.

ಮರುವರ್ಷ ಗದಗಿನ ವಾರಪತ್ರಿಕೆಯೊಂದು ತನ್ನ ಹಳೆಯ ಸಂಚಿಕೆಗಳನ್ನೆಲ್ಲ ನಮ್ಮ ಪ್ರೋಗ್ರಾಮಿನಿಂದ ತಿರುಗಿಸಿತು. ನನಗೆ ಗೊತ್ತಿರದ ಊರುಗಳಿಂದ ಪದಗಳು ಬಂದು ಹಾಳೆ ಸಾವಿರ ದಾಟಿತು. ಆ ನಡುವೆ ನಮ್ಮ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಸೊಲ್ಲಾಪುರದಲ್ಲಿ ಆಪರೇಷನ್ ಮಾಡಿಸಿ, ಅಲ್ಲೇ ಒಂದು ಕೋಣೆ ಹಿಡಿದು ಒಂದೂವರೆ ತಿಂಗಳು ಇದ್ದೆ. ಕಂಪ್ಯೂಟರ್ ಮುಟ್ಟಲಿಲ್ಲ. ಮೊದಲ ವಾರ ಗುಂಪಿನ ನೆನಪಾಗುತ್ತಿತ್ತು. ಅವ್ವ ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುವ ಹೊತ್ತಿಗೆ ಅದೂ ಮರೆತಿತ್ತು.

ಅವ್ವನನ್ನು ಮನೆಗೆ ತಂದು, ಛಾಪಖಾನೆಗೆ ಮರಳಿದ ಮೊದಲ ದಿನ ಬೆಳಿಗ್ಗೆ ಭಾಲ್ಕಿಯಿಂದ ಒಬ್ಬರು ಬಂದರು. ಅಲ್ಲಿ ಹೊಸದಾಗಿ ಡಿಟಿಪಿ ಅಂಗಡಿ ಹಾಕಿದವರು, ಕಾಕಾನ ಹಳೆಯ ಆಫ್‌ಸೆಟ್ ಯಂತ್ರ ಕೊಳ್ಳುವ ವಿಚಾರ. ಮಾತಾಡುತ್ತ ನನ್ನ ಪರದೆಯ ಮೇಲೆ ತೆರೆದಿದ್ದ ನಮ್ಮ ಪ್ರೋಗ್ರಾಮನ್ನು ನೋಡಿದರು.

"ಬಾಯಾರ, ನೀವು ಇನ್ನ ಹಳೇದೇ ಇಟ್ಟೀರೇನು? ಇದರ ಹೊಸಾದು ಬಂದದ. ಹೋದ ವಾರ."

ನಾನು ತಿರುಗಿದೆ. "ಹೊಸಾದು ಬಂದದೇನ್ರಿ?"

"ಬಂದದ. ಈಗ ಮೂರು ಥರ ಫಾಂಟಿಂದ ತಿರಗಸ್ತದ. ಸರೀರಿ, ತೋರಸ್ತೇನಿ."

ಕಾಕಾ ಏನೋ ಹೇಳಲು ಬಾಯಿ ತೆರೆದರು. ನಾನು ಕಣ್ಣಿನಲ್ಲೇ ಬೇಡ ಎಂದೆ. ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಅವರು ಕುಳಿತು ಜಾಲತಾಣ ತೆರೆದು ಇಳಿಸಿಕೊಂಡರು, ಹೇಗೆ ಬಳಸಬೇಕೆಂದು ನಿಧಾನವಾಗಿ, ಕಲಿಯುವವರಿಗೆ ಹೇಳುವಂತೆ ಹೇಳಿದರು. ಅರ್ಕಾವೊತ್ತು ಎಂದರೆ ಇದಕ್ಕೆ ಬಹಳ ತ್ರಾಸ, ಆದರೆ ಇವರು ಪುರಾ ಸರಿ ಮಾಡಿದ್ದಾರೆ ಎಂದರು. ನಾನು ಪಕ್ಕದಲ್ಲಿ ನಿಂತು ಪರದೆಯ ಮೇಲಿನ ಬದಲಾವಣೆಗಳ ಪಟ್ಟಿ ಓದುತ್ತಿದ್ದೆ. ಇಪ್ಪತ್ತಾರು ತೇಪೆ. ಒಪ್ಪಿದವರ ಕಡೆ ಲೆಕ್ಚರರು, ಹುಬ್ಬಳ್ಳಿಯಾಕೆ, ಮತ್ತೆ ಲೆಕ್ಚರರು, ಮತ್ತೆ ಹುಬ್ಬಳ್ಳಿಯಾಕೆ. ಎರಡು ಕಡೆ 'ಬೇಡ' ಎಂದಿತ್ತು, ಕೆಳಗೆ ಐದಾರು ಸಾಲು ಕಾರಣ. ಆ ಪಟ್ಟಿಯಲ್ಲಿ ಮೇಲಿಂದ ಕೆಳಗಿನವರೆಗೆ ನನ್ನ ಹೆಸರು ಒಂದು ಸಲವೂ ಇರಲಿಲ್ಲ.

ಆಗ ನನಗಾದ ಸಂತೋಷ 'ಶ್ರೀ' ಮೊದಲು ಕಂಡಾಗಲೂ ಆಗಿರಲಿಲ್ಲ.

"ತಿಳೀತೇನ್ರಿ?" ಎಂದು ಭಾಲ್ಕಿಯವರು ಕೇಳಿದರು.

"ತಿಳೀತ್ರಿ. ಚಲೋ ಹೇಳಿಕೊಟ್ರಿ."

"ಏನರೆ ಅಡಚಣಿ ಬಂದ್ರ ಅವರ ಗುಂಪಿಗೆ ಬರೀರಿ. ನಮ್ಮಂಥವರು ಬರದ್ರೂ ಜವಾಬು ಕೊಡ್ತಾರ. ನಂದೊಂದು ಪದ ತಪ್ಪು ಬರಾಕತ್ತಿತ್ತು, ಬರದಿದ್ದೆ. ನಾಕು ದಿನದಾಗ ಸರಿ ಮಾಡಿ ಕೊಟ್ರು."

"ಯಾರು ಕೊಟ್ರಿ?"

"ಯಾರೋ ಗೊತ್ತಿಲ್ರಿ. ಅಲ್ಲಿ ಬಹಳ ಮಂದಿ ಅದಾರ," ಎಂದು ಅವರು ಎದ್ದು, ಯಂತ್ರ ನೋಡಲು ಕಾಕಾನ ಜೊತೆ ಒಳಗೆ ಹೋದರು.